ಬೈಗುಳದ ತಾಲೀಮು

"ಕಳ್ಳ! ಬಿಚ್ಚೋ ಆ ಕೋಟನ್ನ!"

ಚರ್ಚಿನ ಸಭಾಂಗಣದಲ್ಲಿ ಕಾಫಿ ಹೀರುತ್ತಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಕೂಗಿದವರು ಥರ್ಲೊ. ನಿವೃತ್ತ ವಕೀಲರು, ನಮ್ಮ ಯೂನಿಟೇರಿಯನ್ ಸಭೆಯ ಸಾಮಾಜಿಕ ನ್ಯಾಯ ಸಮಿತಿಯ ಅಧ್ಯಕ್ಷರು. ಅವರ ಬೆರಳು ನೆಟ್ಟಿದ್ದು ಅಡೆರಿಟೊ ಎಂಬ ಹುಡುಗನ ಎದೆಗೆ. ಆಫ್ರಿಕಾದ ಕೇಪ್ ವರ್ಡ್ ದ್ವೀಪಗಳಿಂದ ಬಂದವನು, ಬಂದರಿನ ಮೀನು ಕಾರ್ಖಾನೆಯಲ್ಲಿ ದುಡಿಯುವವನು. ಈ ಹೊಸ್ತಿಲು ತುಳಿದದ್ದು ಅಂದೇ ಮೊದಲು.

ಕರೆತಂದವನು ಓರಿನ್. ಅದೇ ಕಾರ್ಖಾನೆಯಲ್ಲಿ ಅವನ ಪಕ್ಕದಲ್ಲೇ ನಿಂತು ಮೀನು ಸೀಳುವವನು. ಅರ್ಧಕ್ಕೇ ಶಾಲೆಗೆ ಕೈಮುಗಿದು, ಕಂಡಕಂಡವರ ಮೇಲೆಲ್ಲ ಉರಿದುಬೀಳುತ್ತಿದ್ದ ಓರಿನ್‌ಗೆ, ಆ ಉರಿಯನ್ನೇ ಪುಣ್ಯದ ಕೆಲಸವೆಂದು ಬೆನ್ನು ತಟ್ಟುವ ಜನ ಸಿಕ್ಕಿದ್ದು ಇಲ್ಲಿ. ಭಾನುವಾರ ತಪ್ಪಿಸುತ್ತಿರಲಿಲ್ಲ.

"ನಮ್ಮಲ್ಲಿ ಯಾರೂ ನಿನ್ನ ಕೀಳಾಗಿ ನೋಡಲ್ಲ ಕಣೋ, ಬಾ" ಎಂದು ಇಡೀ ಚಳಿಗಾಲ ಗೆಳೆಯನ ತಲೆ ತಿಂದಿದ್ದ.

"ಒಂದೇ ಸಲ ಬರ್ತೀನಿ" ಅಂದಿದ್ದ ಅಡೆರಿಟೊ. "ಅಲ್ಲೂ ಅದೇ ಹಾಡಾದ್ರೆ ನಿನ್ನ ಸಭೇನೂ ಬೇಡ, ನೀನೂ ಬೇಡ. ಆಮೇಲೆ ನನ್ನ ಮಾತಾಡಿಸಬೇಡ."

ಈಗ ಓರಿನ್‌ನ ಮುಷ್ಟಿ ಬಿಗಿಯಿತು. ಅಡ್ಡ ಬಂದ ಕುರ್ಚಿಯನ್ನು ಒದ್ದು ಮುಂದೆ ನುಗ್ಗಿದ. ಯಾರೋ ತೋಳು ಹಿಡಿದೆಳೆದರು. ಲವೀನಾ ಟೀಚರ್. ಅವರ ಕಣ್ಣಲ್ಲಿ ಸಂಭ್ರಮ.

"ಅಯ್ಯೋ ಹುಚ್ಚಪ್ಪ, ಹೊಡ್ದುಗಿಡ್ದೀಯ! ಶುರುವಾಗಿದೆ ಕಣೋ!"

ಆಗ ಓರಿನ್‌ಗೆ ಹೊಳೆಯಿತು. ಬರಲಿರುವ ಕಾರ್ಯಕ್ರಮಗಳ ಪಟ್ಟಿ ಗೋಡೆಯ ಮೇಲೇ ಇತ್ತು. ಗುರುವಾರ ಹಸಿದವರಿಗೆ ಸೂಪು. ಶುಕ್ರವಾರ ವಲಸೆ ಬಂದವರ ಪರವಾಗಿ ಮೇಣದಬತ್ತಿ ಹಿಡಿದು ನಿಲ್ಲುವುದು. ಭಾನುವಾರ ಪ್ರಾರ್ಥನೆಯ ಬಳಿಕ ಭೂಮಿ ಬಿಸಿಯಾಗುವುದರ ಬಗ್ಗೆ ಚಿಂತೆ, ಜೊತೆಗೆ ಕೇಕು. ಇವತ್ತು, ಶನಿವಾರ: "ನಿಮ್ಮೆದುರೇ ಒಬ್ಬರಿಗೆ ಅವಮಾನವಾದರೆ ನೀವೇನು ಮಾಡುತ್ತೀರಿ? ತರಬೇತಿ. ಸಣ್ಣ ದೃಶ್ಯವೊಂದು ಇರುತ್ತದೆ. ಯಾವಾಗ ಎಂದು ಹೇಳುವುದಿಲ್ಲ."

ಬಾಗಿಲಲ್ಲೇ ಥರ್ಲೊ ಹೇಳಿದ್ದರಲ್ಲ! "ಇವತ್ತು ಒಬ್ಬನಿಗೆ ಬೈಯೋ ಪಾತ್ರ ನಂದು, ಓರಿನ್. ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದೀನಿ. ಹೆಂಡತಿ ಹೆದರಿಬಿಟ್ಟಳು."

ಸ್ವಲ್ಪ ಮುಂಚೆ ಅವರು ಅಡೆರಿಟೊನನ್ನು ಮೂಲೆಯಲ್ಲಿ ನಿಲ್ಲಿಸಿಕೊಂಡು, ಅವನ ಕೋಟು ಮುಟ್ಟಿ ಮುಟ್ಟಿ ಏನೋ ಪಿಸುಗುಡುತ್ತಿದ್ದುದನ್ನೂ ಓರಿನ್ ಕಂಡಿದ್ದ. ಸರಿ, ಇವನನ್ನೂ ಒಪ್ಪಿಸಿಬಿಟ್ಟಿದ್ದಾರೆ. ಬಂದ ದಿನವೇ ಪಾತ್ರ ಗಿಟ್ಟಿಸಿದನಲ್ಲ! ಓರಿನ್‌ಗೆ ಹೆಮ್ಮೆಯಾಯಿತು. ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಸಭೆ ಕಾರ್ಯಪ್ರವೃತ್ತವಾಯಿತು. ದೇವರಿದ್ದಾನೋ ಇಲ್ಲವೋ ಎಂಬುದನ್ನು ನಾವು ಅವರವರಿಗೆ ಬಿಟ್ಟಿದ್ದೇವೆ. ಕಾರ್ಯಕ್ರಮವನ್ನು ಮಾತ್ರ ಬಿಡುವವರಲ್ಲ. ಬೈಯುವವರ ಗಮನ ಬೇರೆಡೆ ಸೆಳೆಯಬೇಕು ಎಂದು ಓದಿಕೊಂಡು ಬಂದಿದ್ದ ಲವೀನಾ ಟೀಚರ್ ಇಬ್ಬರ ನಡುವೆ ತಲೆ ಹಾಕಿ, "ಲೈಬ್ರರಿಗೆ ಯಾವ ಕಡೆ ಹೋಗಬೇಕು?" ಎಂದು ಕೇಳಿದರು. ಮದುವೆಯಾದಾಗಿನಿಂದ ಅವರ ಮನೆ ಇರುವುದೇ ಲೈಬ್ರರಿಯ ಎದುರು. ಒಬ್ಬರು ಫೋನಿನಲ್ಲಿ ಚಿತ್ರ ತೆಗೆದರು. ನೆರವಿಗೆ ಯಾರನ್ನಾದರೂ ಕರೆಯಿರಿ ಎಂದು ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೇಳುತ್ತ, ಆ ಮಾತು ಕಾಫಿ ಪಾತ್ರೆಯವರೆಗೆ ಹೋಗಿ ಅಲ್ಲೇ ನಿಂತಿತು.

"ಒಳಗಡೆ ನನ್ನ ಹೆಸರು ಹೊಲಿದಿದೆ, ನೋಡಿ!" ಥರ್ಲೊ ಕೋಟಿನ ಕೊರಳಪಟ್ಟಿ ಹಿಡಿದು ಮಗುಚಿದರು. "ಇಂಥವರನ್ನ ಒಳಗೆ ಬಿಟ್ಟುಕೊಂಡ್ರೆ ಇನ್ನೇನಾಗುತ್ತೆ!"

"ಹೆಸರೂ ಹೊಲಿಸಿದಾರೆ!" ಟೀಚರ್ ಬೆರಗಾದರು. "ಏನು ತಯಾರಿ, ಏನು ತಯಾರಿ!"

ಓರಿನ್‌ಗೂ ಮೆಚ್ಚುಗೆಯೇ. ಆ ಕೋಟು ಚರ್ಚಿನ ದಾನದ ಪೆಟ್ಟಿಗೆಯದು. ಥರ್ಲೊ ಅವರ ಹೆಂಡತಿ ತಂದು ಹಾಕಿದ್ದನ್ನು ಅವನೇ ತೆಗೆದು ಗೆಳೆಯನಿಗೆ ತೊಡಿಸಿದ್ದ. ಅದನ್ನೂ ಬಿಡದೆ ಕಥೆಗೆ ಸೇರಿಸಿಕೊಂಡಿದ್ದಾನಲ್ಲ ಮುದುಕ!

ಅಡೆರಿಟೊ ಅವನತ್ತ ತಿರುಗಿದ. "ಓರಿನ್, ಹೇಳೋ ಇವರಿಗೆ. ಈ ಕೋಟು ಕೊಟ್ಟಿದ್ದು ಯಾರು?"

ಒಂದು ಮಾತು ಆಡಿದ್ದರೆ ದೃಶ್ಯ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಬೇಗ ಮುಗಿಸಲು ಓರಿನ್‌ಗೆ ಮನಸ್ಸಿಲ್ಲ. ಅವನೂ ಒಂದು ಭಾಷಣ ಕಟ್ಟಿಕೊಂಡು ಬಂದಿದ್ದ. ಗೆಳೆಯನಿಗೆ ಕಣ್ಣು ಹೊಡೆದು ಕುರ್ಚಿ ಹತ್ತಿದ.

"ಥರ್ಲೊ ಅವರೇ! ನೀವು ಬೈದದ್ದು ಇವನೊಬ್ಬನನ್ನಲ್ಲ, ಇಡೀ ಮನುಷ್ಯ ಕುಲವನ್ನ!"

ಗುಲಾಮಗಿರಿಯಿಂದ ಶುರುಮಾಡಿ ಮನೆ ಬಾಡಿಗೆಯವರೆಗೆ ಬಂದ. ಕೋಟಿನ ಸುದ್ದಿಯೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಮುಖ ಮಾತ್ರ ಫೋನು ಹಿಡಿದವರ ಕಡೆಗೇ ಇತ್ತು.

"ಇಳಿಯೋ ಕೆಳಗೆ! ನಾನೇನು ತಮಾಷೆ ಮಾಡ್ತಿದೀನಾ?" ಥರ್ಲೊ ಗುಡುಗಿದರು. ಕುತ್ತಿಗೆಯ ನರ ಉಬ್ಬಿತ್ತು. ಪ್ರತಿ ಕ್ರಿಸ್‌ಮಸ್ ನಾಟಕದಲ್ಲೂ ಇರುವ ಎರಡು ಮಾತನ್ನೇ ಮರೆಯುವ ಮನುಷ್ಯ ಇವರೇನಾ? ಜನ ಚಪ್ಪಾಳೆ ತಟ್ಟಿದರು.

ಅಡೆರಿಟೊ ಕೋಟು ಬಿಚ್ಚಿದ. ಅಂದವಾಗಿ ಮಡಿಸಿ ಮೇಜಿನ ಮೇಲಿಟ್ಟ. ಚಪ್ಪಾಳೆ ಇನ್ನೂ ಜೋರಾಯಿತು. ಟೀಚರ್ ಕಣ್ಣೊರೆಸಿಕೊಂಡರು.

ಓರಿನ್ ಕುರ್ಚಿಯಿಂದ ಧುಮುಕಿ ಅವನ ಹೆಗಲು ತಟ್ಟಿದ. "ಎಲ್ಲಿ ಕಲಿತೆಯೋ ಮಾರಾಯ? ನಿಜ ಅಂತಾನೇ ಅನ್ನಿಸಿಬಿಡ್ತು!"

ಅಡೆರಿಟೊ ಅವನ ಮುಖವನ್ನೊಮ್ಮೆ ನೋಡಿದ. ಬರಿ ಅಂಗಿಯಲ್ಲೇ ಬಾಗಿಲಿಗೆ ನಡೆದ. ಹೊರಗೆ ಹಿಮ ಬೀಳುತ್ತಿತ್ತು. ಓಡೋಡಿ ಬರುತ್ತಿದ್ದ ಅಪರಿಚಿತನೊಬ್ಬನಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಮೆಟ್ಟಿಲಿಳಿದು ಹೋದ.

ಬಂದವನು ಟೋಪಿಯ ಹಿಮ ಕೊಡವಿ ಎಲ್ಲರನ್ನೂ ನೋಡಿ ನಕ್ಕ. "ಕ್ಷಮಿಸಿ, ಬಸ್ಸು ತಡವಾಯ್ತು. ಥರ್ಲೊ ಅನ್ನೋರು ಯಾರು? ಇವತ್ತು ಅವರ ಕೈಲಿ ಬೈಸಿಕೊಳ್ಳೋ ಪಾರ್ಟು ನಂದು."