ಉಗುರಗಲದ ಕಲ್ಲುಹೂ

"ಟ್ಯೂಬ್ ಅದಲುಬದಲು ಮಾಡಿದ್ದೀಯ. ಇನ್ನೊಂದು ಸಲ ಮಾಡು," ಅಂದರು ದೊಡ್ಡಮ್ಮ, ಕನ್ನಡಕ ಒರೆಸಿಕೊಳ್ಳುತ್ತ.

"ಮತ್ತೆ ಮಾಡಿದ್ದೂ ಆಯ್ತು ದೊಡ್ಡಮ್ಮ. ಎರಡೂ ಒಂದೇ."

ಹುಡುಗಿಗೆ ನಗು ತಡೆಯಲಾಗುತ್ತಿಲ್ಲ. ದೊಡ್ಡಮ್ಮನ ಮುಖದಲ್ಲಿ ಅದರ ಸುಳಿವೂ ಇಲ್ಲ. ಇರುವುದಾದರೂ ಹೇಗೆ ಹೇಳಿ? ಸಸ್ಯ ಸಂಗ್ರಹಾಲಯದ ಆ ಕಬ್ಬಿಣದ ಬೀರುವಿನ ಬೀಗದಕೈಯನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ. ಒಳಗಿರುವುದು, ಕಲ್ಲಿಗೆ ಪಾಚಿಯ ಹಾಗೆ ಅಂಟಿ ಬೆಳೆಯುವ, ಉಗುರಗಲದ ಒಂದು ಕಲ್ಲುಹೂ. ಅವರ ಗುರುಗಳು ನದಿ ದಡದ ಬಂಡೆಯಿಂದ ಬಿಡಿಸಿ ತಂದದ್ದು. ರಸ್ತೆಗೆಂದು ಆ ಬಂಡೆ ಒಡೆದ ಮೇಲೆ, ಈ ಜಾತಿ ಭೂಮಿಯ ಮೇಲೆ ಇನ್ನಿಲ್ಲ ಅಂತ ಎಲ್ಲರೂ ಕೈಚೆಲ್ಲಿದ್ದರು. ಡಿಎನ್ಎ ಓದಿ ಅದರ ವಂಶವನ್ನಾದರೂ ತಿಳಿಯೋಣ ಎಂದು ತಂಗಿಯ ಮಗಳಾದ ಈ ಹುಡುಗಿ ದುಂಬಾಲು ಬಿದ್ದಿದ್ದಳು. ಒಂದು ಚೂರು ಕತ್ತರಿಸಿ ಕೊಡುವಾಗ ದೊಡ್ಡಮ್ಮನಿಗೆ ಕರುಳು ಕಿತ್ತು ಬಂದಂತಾಗಿತ್ತು.

ಮೊದಲು ಕೈ ಪಳಗಲಿ ಎಂದು ಹುಡುಗಿ ಕಾಂಪೌಂಡ್ ಗೋಡೆಯ ಬೂದು ಕಲೆಯನ್ನೂ ಕೆರೆದು ಅರೆದಿದ್ದಳು. ಈಗ ನೋಡಿದರೆ, ಆ ಕಲೆಯ ಡಿಎನ್ಎಯೂ ಬೀರುವಿನ ನಿಧಿಯ ಡಿಎನ್ಎಯೂ ಅಕ್ಷರಕ್ಕೆ ಅಕ್ಷರ ಹೊಂದುತ್ತಿವೆ.

"ಅಲ್ಲ ಕಣೇ, ಬೀರುವಿನದರ ಮೈತುಂಬ ಪುಟ್ಟ ಪುಟ್ಟ ಕೆಂಪು ಬಟ್ಟಲು. ಗೋಡೆಯದು ಬೂದಿ ಚೆಲ್ಲಿದ ಹಾಗಿದೆ. ಕಣ್ಣಿದ್ದವರು ಯಾರಾದ್ರೂ ಒಂದೇ ಅಂತಾರಾ?"

"ನೆರಳಲ್ಲಿ ಬೆಳೆದಿದೆಯಲ್ಲ, ಬಟ್ಟಲು ಬಿಟ್ಟಿಲ್ಲ, ಅಷ್ಟೇ. ವೇಷ ಬೇರೆ, ಜೀವ ಅದೇ."

ದೊಡ್ಡಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಎರಡೂ ಸಾಲುಗಳ ಮೇಲೆ ಬೆರಳಾಡಿಸುತ್ತ ಹೋದರು. ಕೊನೆ ಮುಟ್ಟುವ ಹೊತ್ತಿಗೆ ಕಣ್ಣು ತುಂಬಿತ್ತು.

"ಹಾಗಾದ್ರೆ ಬದುಕಿದೆಯೇನೇ ಅದು?"

ಹುಡುಗಿ ತಟ್ಟನೆ ಹೊರಗೆ ಕಿವಿಗೊಟ್ಟಳು. ಕಿಟಕಿಯಾಚೆಯಿಂದ ಗರಗರ ಸದ್ದು ಬರುತ್ತಿತ್ತು. ಗೋಡೆ ಉಜ್ಜಿ ಸುಣ್ಣ ಹೊಡೆಯಲು ಪೈಂಟರ್ ಬಂದಿದ್ದ. ಬೆಳಿಗ್ಗೆ ಕರೆಸಿದ್ದು ದೊಡ್ಡಮ್ಮನೇ. ಗೋಡೆ ಗಲೀಜು ಅಂತ ಪ್ರತಿ ವರ್ಷ ಎಲ್ಲರ ತಲೆ ತಿಂದು ಕರೆಸುವವರೂ ಅವರೇ.

ದೊಡ್ಡಮ್ಮ ಮಂಡಿನೋವನ್ನೂ ಮರೆತು ದಡದಡ ಮೆಟ್ಟಿಲಿಳಿದರು. ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬೋಳಾಗಿತ್ತು. ತೋಟದ ನಲ್ಲಿಯ ಹಿಂದೆ, ತಂತಿ ಬ್ರಶ್ ಸರಿಯಾಗಿ ಆಡದ ಕಡೆ, ಅಂಗೈಯಗಲ ಬೂದು ಉಳಿದಿತ್ತು. ಪೈಂಟರ್ ಅತ್ತ ಬ್ರಶ್ ಎತ್ತಿದ್ದೇ ತಡ, ದೊಡ್ಡಮ್ಮ ಅದರ ಮೇಲೆ ಅಂಗೈ ಮುಚ್ಚಿ ನಿಂತರು.

ಕಲೆ ಉಳಿಸಿದ್ದಕ್ಕೆ ಬೈಯಲು ಬಂದರೆಂದು ಅವನು ಹೆದರಿಹೋದ.

"ನನ್ನ ತಪ್ಪಲ್ಲ ಮೇಡಂ. ವರ್ಷಾ ವರ್ಷಾ ಇಷ್ಟು ಉಜ್ತೀನಿ. ಏನು ಮಾಡಿದ್ರೂ ಇದು ಸಾಯೋದೇ ಇಲ್ಲ."