ಬೇಲಿಯಾಚೆಯ ಗುಡಿಸಲು

ಗಂಗಾಲಕ್ಷ್ಮಿ ಮಗನನ್ನು ಎತ್ತಿಕೊಂಡು ಮಿಡಿಗೇಶಿಯಲ್ಲಿ ಬಸ್ಸಿಳಿದು ಬರುವಷ್ಟರಲ್ಲಿ, ಹಟ್ಟಿಯ ಬೇಲಿಯಾಚೆಯ ಗುಡಿಸಲನ್ನು ಸಾರಿಸಿ ಇಟ್ಟಿದ್ದರು. ಮುಟ್ಟಾದವರು, ಬಾಣಂತಿಯರು ಮೈಲಿಗೆ ಕಳೆಯುವವರೆಗೆ ಇರುವ ಗುಡಿಸಲು ಅದು. ಐದು ವರ್ಷದ ಯೋಗೀಶನಿಗೆ ರಕ್ತದ ಕ್ಯಾನ್ಸರ್. ಊರಿಗೆ ಹೋದ ಮೇಲೂ ಮಗುವನ್ನು ಬೇರೆಯಾಗಿಯೇ ಇಡಿ, ತಟ್ಟೆ ಲೋಟ ಬೇರೆ ಇರಲಿ, ಯಾರೂ ಹತ್ತಿರ ಸುಳಿಯುವುದು ಬೇಡ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ಅವಳೇ ಫೋನಿನಲ್ಲಿ ಗಂಡನಿಗೆ ತಿಳಿಸಿದ್ದಳು. ಬೇರೆ ಇಡುವುದೆಂದರೆ ಹಟ್ಟಿಯವರಿಗೆ ಗೊತ್ತಿದ್ದ ಅರ್ಥ ಒಂದೇ.

ಹಟ್ಟಿಯ ಯಜಮಾನ ಯತ್ತಪ್ಪ ಕೆಟ್ಟ ಮನುಷ್ಯನೇನಲ್ಲ. ಗುಡಿಸಲಿಗೆ ಹೊಸ ಚಾಪೆಯನ್ನು ಅವನೇ ತಂದು ಹಾಸಿದ್ದ. "ಬೇಜಾರು ಮಾಡ್ಕಬ್ಯಾಡ ಕಣಮ್ಮ, ದೇವ್ರು ಒಪ್ಪಲ್ಲ" ಎಂದು ದೂರದಿಂದಲೇ ಹೇಳಿದ. ಗಾಳಿ ಧೂಳು ನುಗ್ಗುವ, ಪಕ್ಕದಲ್ಲೇ ತಿಪ್ಪೆಯಿರುವ ಜಾಗ ಅದು. ಈಗ ಜ್ವರ ಬಂದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು. ಗಂಗಾಲಕ್ಷ್ಮಿ ಅತ್ತೆ ಕ್ಯಾತಮ್ಮನ ಕಡೆ ನೋಡಿದಳು. ಹಿರಿಯಳಾದ ಅವಳು ಗಟ್ಟಿಯಾಗಿ ನಿಂತರೆ ಯಜಮಾನ ಎದುರಾಡುವವನಲ್ಲ.

ಕ್ಯಾತಮ್ಮನ ಕಣ್ಣು ಮೊಮ್ಮಗನ ಬೋಳುತಲೆಯ ಮೇಲಿತ್ತು. "ಬಾಣಂತಿ ಆಗಿದ್ದಾಗ ದಿನ ತುಂಬೋಕೆ ಮುಂಚೇನೆ ಒಳಕ್ಕೆ ಬಂದ್ಬುಟ್ಟಿದ್ದೇನೇ? ಅದ್ಕೇ ಇಂಗಾಯ್ತಾ?" ಎಂದಳು.

ಇದೇ ಪ್ರಶ್ನೆಯನ್ನು ಗಂಗಾಲಕ್ಷ್ಮಿ ಅಳುತ್ತ ಡಾಕ್ಟರನ್ನೂ ಕೇಳಿದ್ದಳು. ಇದು ತಾಯಿ ಮಾಡಿದ ತಪ್ಪಿನಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಯಾಕೆ ಬಂತೆಂಬುದೇ ತಿಳಿಯುವುದಿಲ್ಲ, ಆದರೆ ಔಷಧಿಯನ್ನು ನಡುವೆ ಬಿಡದೆ ಮುಗಿಸಿದರೆ ಬಹಳ ಮಕ್ಕಳು ವಾಸಿಯಾಗುತ್ತಾರೆ ಎಂದಿದ್ದರು. ಇದನ್ನೆಲ್ಲ ಅತ್ತೆಗೆ ದಾಟಿಸುವುದು ಹೇಗೆ? ಜೀವಮಾನವೆಲ್ಲ ಕುರಿ ಕಾದವಳಿಗೆ ಕುರಿಯ ಮಾತಲ್ಲೇ ಹೇಳುವುದು ಸರಿ ಎಂದುಕೊಂಡಳು.

"ರಕ್ತದಾಗೆ ಕಾವಲು ನಾಯಿ ಇದ್ದಂಗೆ ಇರ್ತಾವಂತೆ ಅತ್ತೆ. ಇವನ ಮೈಯಾಗೆ ಅವಕ್ಕೆ ಹುಚ್ಚು ಹಿಡ್ದೈತೆ. ಹುಚ್ಚುನಾಯಿ ಸಾಯ್ಲಿ ಅಂತ ಔಷ್ದಿ ಕೊಟ್ರೆ ಒಳ್ಳೆ ನಾಯೂ ಸಾಯ್ತಾವೆ, ಕೂದ್ಲೂ ಉದುರ್ತೈತೆ. ಹೊಸಾ ಮರಿ ಬೆಳೆಯೋಗಂಟ ಮಂದೆಗೆ ಕಾವಲಿಲ್ಲ."

"ಅಂಗಾರೆ ತೋಳ ಯಾವ್ದು?"

"ನಾವೇ ಅತ್ತೆ. ನಮ್ಮ ಕೆಮ್ಮು, ನಮ್ಮ ಕೈ ಕೊಳೆ. ಅವನಿಂದ ನಮಗೇನೂ ಬರಲ್ಲ. ನಮ್ಮಿಂದ ಅವನಿಗೆ ಬತ್ತೈತೆ."

ಕ್ಯಾತಮ್ಮ ಪಕ್ಕಕ್ಕೆ ಸರಿದು, ಮಗುವನ್ನು ಮನೆಯೊಳಕ್ಕೆ ಕರೆದುಕೊಂಡು ಹೋಗೆಂದು ಸೊಸೆಗೆ ದಾರಿ ಬಿಟ್ಟಳು. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ, ನೀನು ಸುಮ್ಮನಿರು ಎಂದು ಯತ್ತಪ್ಪನ ಬಾಯಿಯನ್ನೂ ಮುಚ್ಚಿಸಿದಳು.

ಅಂದಿನಿಂದ ಮುದುಕಿ ಬಾಗಿಲಲ್ಲಿ ಕೂತು ನಡೆಸಿದ ದರ್ಬಾರನ್ನು ನೋಡಬೇಕಿತ್ತು. ಬಂದವರು ಸೋಪು ಹಾಕಿ ಕೈ ತೊಳೆದು, ಹೊಸ್ತಿಲಾಚೆ ನಿಂತೇ ಮಾತಾಡಿಸಿ ಹೋಗಬೇಕು. ಮಡಿಮೈಲಿಗೆಯಲ್ಲೇ ಹುಟ್ಟಿ ಬೆಳೆದ ಜನ. ಯಾಕೆ ಏನು ಎನ್ನದೆ ಪಾಲಿಸಿದರು. ಇಷ್ಟು ಶಿಸ್ತು ದೊಡ್ಡಾಸ್ಪತ್ರೆಯಲ್ಲೂ ಇರಲಿಲ್ಲವಲ್ಲ ಎಂದುಕೊಂಡು ಗಂಗಾಲಕ್ಷ್ಮಿ ಒಳಗೊಳಗೇ ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಒಂದು ಬೆಳಿಗ್ಗೆ ಕ್ಯಾತಮ್ಮನಿಗೆ ಸೀನು ಹತ್ತಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು, ಮತ್ತೆ ಸೀನಿದಳು. ಹೊಸ್ತಿಲ ಹೊರಗಿನಿಂದಲೇ ಮೊಮ್ಮಗನನ್ನು ಕಣ್ತುಂಬ ನೋಡಿ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿದಳು. ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸು ತಲೆ ಬಗ್ಗಿಸಿ ಆ ಗುಡಿಸಲಿಗೆ ನುಗ್ಗುವುದನ್ನು ಕಂಡು ಯತ್ತಪ್ಪ ದಂಗಾದ.

"ಇದೇನು ಕ್ಯಾತಕ್ಕ, ಈ ವಯಸ್ನಾಗೆ?"

"ನೆಗಡಿ ಕಣಪ್ಪ" ಎಂದಳು ಕ್ಯಾತಮ್ಮ, ಕಂಬಳಿ ಹಾಸಿಕೊಳ್ಳುತ್ತ. "ಈಗ ಮೈಲಿಗೆ ನಂದು."