ಏಳುನೂರು ಪುಟ

ಬೇರೆಯಾಗುವುದೆಂದು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿಯೇ ತೀರ್ಮಾನಿಸಿದ್ದರು.

"ನಿನ್ನ ಕಾದಂಬರಿ ಮುಗಿದುಬಿಡಲಿ ವಾರಿಜಾ. ಆಮೇಲೆ ನಾನು ಬೇರೆ ಮನೆ ಮಾಡ್ತೀನಿ. ಮಧ್ಯದಲ್ಲಿ ನಿನ್ನ ಮನಸ್ಸು ಕೆಡೋದು ಬೇಡ," ಎಂದಿದ್ದ ಶ್ರೀಕಂಠ.

ಆಗ ಬಾಕಿಯಿದ್ದದ್ದು ಒಂದೇ ಅಧ್ಯಾಯ. ಅದನ್ನು ಬರೆಯಲು ಕೂತರೆ ವಾರಿಜಾಳ ಕೈಯೇ ಓಡುತ್ತಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗುವಳು, ಕಿಟಕಿಯ ಬಳಿ ನಿಲ್ಲುವಳು, ಮತ್ತೆ ಬಂದು ಕೂರುವಳು. ಇದು ಮುಗಿದರೆ ಅವನು ಹೊರಡುತ್ತಾನೆ ಎಂಬುದೇ ತಲೆ ಕೊರೆಯುತ್ತಿತ್ತು. ಕಡೆಗೆ, ಕಥೆಯಲ್ಲಿ ಸಾಯಬೇಕಿದ್ದ ಸೋದರಮಾವನನ್ನು ಬದುಕಿಸಿದಳು. ಅವನಿಗೊಂದು ಮದುವೆ ಮಾಡಿಸಿದಳು. ಆ ಮದುವೆಯಲ್ಲೊಂದು ಜಗಳ ಹುಟ್ಟಿಸಿ ಎರಡೂ ಕಡೆಯವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದಳು.

"ಮೇಡಂ, ಮುನ್ನೂರು ಪುಟ ಅಂದಿದ್ರಿ, ಏಳುನೂರಾಯ್ತು! ಇಷ್ಟು ದಪ್ಪದ ಪುಸ್ತಕ ಯಾರು ಓದ್ತಾರೆ? ಈ ವಾರ ಮುಗಿಸದಿದ್ರೆ ನನ್ನ ಕೈಲಿ ಆಗಲ್ಲ," ಎಂದು ಪ್ರಕಾಶಕರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟರು.

ಬೇರೆ ದಾರಿಯಿರಲಿಲ್ಲ. ಕೊನೆಯ ಸಾಲು ಬರೆದು, ಕಾಗದದ ಕಟ್ಟನ್ನು ಗಂಡನ ಮುಂದಿಟ್ಟಳು. ಅವಳು ಬರೆದದ್ದನ್ನು ಮೊದಲು ಓದುವವನು ಎಂದಿಗೂ ಅವನೇ. ಅವನು ಓದಿ ಮುಗಿಸುವವರೆಗೆ ಅವಳಿಗೆ ಅನ್ನ ಸೇರಲಿಲ್ಲ.

ಭಾನುವಾರ ಸಂಜೆ ಶ್ರೀಕಂಠ ಕನ್ನಡಕ ತೆಗೆದಿಟ್ಟು ಎದ್ದ.

"ಹೇಗಿದೆ?" ಎಂದಳು, ಅವನ ಮುಖ ನೋಡದೆ.

"ಚೆನ್ನಾಗಿದೆ," ಎಂದ. ಕಾಗದದ ಕಟ್ಟನ್ನು ಮತ್ತೆ ಅವಳ ಕಡೆಗೇ ಸರಿಸಿದ. "ಆದ್ರೆ ತುಂಬಾ ಅವಸರದಲ್ಲಿ ಮುಗಿಸಿದ್ದೀಯ. ಇನ್ನೊಂದು ಮುನ್ನೂರು ಪುಟವಾದರೂ ಬೇಕು."